ಬಿಸಿಲ ದಂಡೆಯಲ್ಲಿ ಅಮಾವಾಸ್ಯೆ

ಪೂರಿ ಕಟ್ಟಿಕೊಂಡು ಹೋಗಿದ್ದ ಸ್ಟೀಲ್ ಡಬ್ಬಿಯ ಜಿಡ್ಡು ತೊಳೆಯುತ್ತಿದ್ದೆ. ಎರಡು ದಿನಕ್ಕೆಂದು ಬಾಡಿಗೆಗೆ ಹಿಡಿದ ಮನೆ, ನಮ್ಮದಲ್ಲದ ಸಿಂಕು, ನಮ್ಮದಲ್ಲದ ಸೋಪು. ಎಷ್ಟು ಉಜ್ಜಿದರೂ ಎಣ್ಣೆ ಬೆರಳಿಗೆ ಹತ್ತುತ್ತಲೇ ಇತ್ತು. ಕಿಟಕಿಯಾಚೆ ಸಮುದ್ರ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ನನಗೆ ಬೆಳಗಿನಿಂದಲೂ ಸಿಟ್ಟಿತ್ತು. ಆಗ ಕಟ್ಟೆಯ ಮೇಲಿಟ್ಟಿದ್ದ ನನ್ನ ಮಡಚುವ ಮೊಬೈಲು ಗುಂಯ್ ಎಂದಿತು.

ಫೋನ್ ಮಾಡಿದವರು ನಾರ್ತ್ ಕ್ರೀಕ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡು ಕಟ್ಟಡದಾಚೆ ಇರುವ ಗೆಳತಿ. ನನಗಿಂತ ಹತ್ತು ವರ್ಷ ದೊಡ್ಡವರು. ಹಬ್ಬ ಯಾವತ್ತು, ಏಕಾದಶಿ ಯಾವತ್ತು ಎಂದು ನಾವೆಲ್ಲ ಅವರನ್ನೇ ಕೇಳುವುದು.

“ಏನ್ರೀ, ಪೂಜೆ ಆಯ್ತಾ? ಒಂಬತ್ತನೇ ವರ್ಷ ಅಲ್ವಾ ನಿಮ್ದು, ಅದಕ್ಕೇ ಕಾಲ್ ಮಾಡ್ದೆ,” ಎಂದರು.

ಭೀಮನ ಅಮಾವಾಸ್ಯೆ ನಾಳೆ ಅಲ್ಲವೇ ಎಂದು ನಾನು ಕೇಳಿದೆ.

“ನಾಳೆ ಬೆಂಗಳೂರಿಗೆ ಕಣ್ರೀ. ಅಲ್ಲಿ ಭಾನುವಾರ ಬೆಳಗಾಗೋವಾಗ ನಮ್ಗಿನ್ನೂ ಶನಿವಾರ ಸಂಜೆ ಇರತ್ತೆ. ನಮ್ಗೆ ಇವತ್ತೇ ಅಮಾವಾಸ್ಯೆ. ನಾಳೆ ನೀವು ಏಳೋ ಹೊತ್ಗೆ ತಿಥಿ ಮುಗ್ದು ಶ್ರಾವಣ ಬಂದಿರತ್ತೆ.”

ನಲ್ಲಿ ಹಾಗೇ ಬಿಟ್ಟಿದ್ದೆ. ಡಬ್ಬಿ ತುಂಬಿ ನೀರು ಚೆಲ್ಲುತ್ತಿತ್ತು.

ಪ್ರತಿ ವರ್ಷವೂ ಆಷಾಢ ಬಂದಕೂಡಲೇ ಅವರನ್ನು ಕೇಳಿ ದಿನ ಗುರುತು ಹಾಕಿಕೊಳ್ಳುತ್ತಿದ್ದೆ. ಆ ವರ್ಷ ಅವರು ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದವರು ಆ ವಾರವಷ್ಟೇ ವಾಪಸು ಬಂದಿದ್ದರು. ನಾನು ನನ್ನ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಬೆಂಗಳೂರಿನ ಕ್ಯಾಲೆಂಡರ್ ನೋಡಿ ಭಾನುವಾರ ಎಂದುಕೊಂಡೆ. ಎಂಟು ವರ್ಷ ಈ ದೇಶದಲ್ಲಿದ್ದೂ ಅಮ್ಮನಿಗೆ ಫೋನ್ ಮಾಡುವಾಗ ಅಲ್ಲಿಯ ಗಂಟೆ ಎಷ್ಟೆಂದು ಬೆರಳು ಮಡಿಚಿ ಎಣಿಸುವವಳು ನಾನು. ಗಂಟೆಗೆ ಎಣಿಸಿದ್ದನ್ನು ತಿಥಿಗೆ ಎಣಿಸಲಿಲ್ಲ.

ವ್ರತದ ವಿಷಯ ಎರಡು ಮಾತು ಹೇಳುತ್ತೇನೆ. ಗಂಡನ ಆಯುಸ್ಸಿಗೆಂದು, ಮದುವೆಯಾದ ವರ್ಷದಿಂದ ಹಿಡಿದು ಒಂಬತ್ತು ವರ್ಷ, ಒಂದನ್ನೂ ಬಿಡದೆ ಮಾಡಬೇಕು. ಶಿವಪಾರ್ವತಿಯರ ಚಿತ್ರ ಬರೆದು, ಹಿಟ್ಟಿನ ಎರಡು ದೀಪ ಹಚ್ಚಿ, ಗಂಡನ ಕಾಲು ತೊಳೆದು, ಒಂಬತ್ತು ಗಂಟಿನ ಅರಿಸಿನ ದಾರ ಕಟ್ಟಿಸಿಕೊಳ್ಳಬೇಕು. ಆ ದಿನ ಒಲೆಯ ಮೇಲೆ ಬಾಣಲೆ ಇಡುವ ಹಾಗಿಲ್ಲ, ಹಬೆಯಲ್ಲಿ ಬೇಯಿಸಿದ್ದೇ ನೈವೇದ್ಯ. ನಡುವೆ ಒಂದು ವರ್ಷ ತಪ್ಪಿದರೂ ಹಿಂದಿನದೆಲ್ಲ ನೀರಿಗೆ ಹೋದ ಹಾಗೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದು. ಎಂಟು ಮುಗಿದಿತ್ತು. ಒಂಬತ್ತನೆಯದರ ದಿನ ಬೆಳಿಗ್ಗೆ ನಾನು ನಲವತ್ತು ಪೂರಿ ಕರಿದು, ಈರುಳ್ಳಿ ಹಾಕಿದ ಸಾಗು ಮಾಡಿ, ಫೆರ್ರಿಯಲ್ಲಿ ಕೂತು ಎಲ್ಲರಿಗೂ ಬಡಿಸಿ, ನಾನೂ ಮೂರು ತಿಂದಿದ್ದೆ.

ಆ ಊರಿಗೆ ಹೋಗುವ ಮನಸ್ಸೇ ನನಗಿರಲಿಲ್ಲ. ಕರೆದದ್ದು ಅತ್ತಿಗೆ, ಎಂದರೆ ನಮ್ಮ ಯಜಮಾನರ ಅಕ್ಕ. ಕೆನ್ಮೋರ್‌ನಲ್ಲಿ ಕೆರೆ ಕಾಣುವ ಮನೆಯಲ್ಲಿ ಒಬ್ಬರೇ ಇದ್ದರು. ದೊಡ್ಡ ಸಾಫ್ಟ್‌ವೇರ್ ಕೆಲಸ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಮೂರು ತಿಂಗಳು ಅವರ ಮನೆಯಲ್ಲಿದ್ದೆವು. ಆ ಮೂರು ತಿಂಗಳಲ್ಲಿ ನಾನು ಅವರ ನಾನ್‌ಸ್ಟಿಕ್ ಪಾತ್ರೆ ಕೆರೆದದ್ದು, ಅವರು ನನ್ನ ದೇವರ ಫೋಟೋಗಳನ್ನು ಲಾಂಡ್ರಿ ರೂಮಿಗೆ ಸಾಗಿಸಿದ್ದು, ಎರಡನ್ನೂ ಇಬ್ಬರೂ ಮರೆತಿಲ್ಲ. ಅವರ ಗಂಡ ಮದುವೆಯಾದ ಆರನೆಯ ವರ್ಷ ಬಿಟ್ಟುಹೋಗಿದ್ದರು. ಆಮೇಲೆ ಅತ್ತಿಗೆ ಬಣ್ಣ, ಕುಂಚ ಹಿಡಿದರು. ಪ್ರತಿ ಬೇಸಿಗೆಯೂ ಒಲಿಂಪಿಕ್ ಬೆಟ್ಟಗಳ ಬೆನ್ನಿಗಿರುವ ಆ ಒಣ ಕರಾವಳಿಗೆ ಹೋಗಿ ಕೂತು ಬರೆದು ಬರುತ್ತಿದ್ದರು. ಆ ವರ್ಷ ತಮ್ಮನೂ ಅದನ್ನು ನೋಡಲೇಬೇಕೆಂದು ಹಟ ಹಿಡಿದು ಮನೆ ಬಾಡಿಗೆಗೆ ಹಿಡಿದರು, ತಮ್ಮ ಕಾರಿನಲ್ಲೇ ನಮ್ಮನ್ನೂ ಹೊರಡಿಸಿದರು. ಭಾನುವಾರ ನಾಲ್ಕು ಗಂಟೆಗೆ ನನ್ನನ್ನು ಮನೆ ಸೇರಿಸಬೇಕು, ವ್ರತ ಇದೆ ಎಂದು ನಾನು ಮೊದಲೇ ಹೇಳಿದ್ದೆ. ಸೇರಿಸೋಣಮ್ಮ, ನಿನ್ನ ಪತಿದೇವರಿಗೆ ಏನೂ ಕಮ್ಮಿಯಾಗದ ಹಾಗೆ ಸೇರಿಸೋಣ ಎಂದು ಅವರು ನಕ್ಕಿದ್ದರು.

ಬೆಳಿಗ್ಗೆ ಎಡ್ಮಂಡ್ಸ್‌ನಲ್ಲಿ ಕಾರಿನ ಸಮೇತ ಫೆರ್ರಿ ಹತ್ತುವಾಗ ಎಂದಿನ ಜಿನುಗು ಮಳೆ. ಆಚೆ ದಡದಿಂದ ಒಂದೂವರೆ ಗಂಟೆ ಹೋದಮೇಲೆ ಯಾರೋ ಮೇಲಿನಿಂದ ಕಂಬಳಿ ಎಳೆದ ಹಾಗೆ ಮೋಡ ಸರಿಯಿತು. ಬೆಟ್ಟಗಳು ಮಳೆಯನ್ನೆಲ್ಲ ತಮ್ಮ ಆ ಮಗ್ಗುಲಲ್ಲೇ ಹಿಂಡಿಕೊಂಡುಬಿಡುತ್ತವಂತೆ, ಹಾಗಾಗಿ ಈ ತುಂಡು ನೆಲಕ್ಕೆ ಬರೀ ಬಿಸಿಲು. ಅದಕ್ಕೇ ಎಷ್ಟೋ ಕಾಲದಿಂದ ಚಿತ್ರ ಬರೆಯುವವರು ಇಲ್ಲಿಗೆ ಬಂದು ಬೀಡು ಬಿಡುತ್ತಾರಂತೆ. ಅತ್ತಿಗೆ ಕಾರು ಓಡಿಸುತ್ತಾ ಇದನ್ನೆಲ್ಲ ತಮ್ಮನಿಗೆ ಹೇಳುತ್ತಿದ್ದರು. ನನಗೆ ಹೇಳುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನಾನು, ನಮ್ಮ ಆರು ವರ್ಷದ ಮಗಳು, ಬಣ್ಣದ ಪೆಟ್ಟಿಗೆಗಳು.

ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು. ಊರಿನ ಬೀದಿಯಲ್ಲಿ ಮೂರು ಅಂಗಡಿಗೆ ಒಂದು ಚಿತ್ರದ ಅಂಗಡಿ. ಎಲ್ಲದರಲ್ಲೂ ಅದೇ ದೀಪಸ್ತಂಭ, ಅದೇ ನೀಲಿ ನೀರು, ಅದೇ ಒಣಗಿದ ಮರದ ಬೊಡ್ಡೆ. ದೀಪಸ್ತಂಭ ಎದುರಿಗೇ ನಿಂತಿರುವಾಗ ಅದನ್ನು ನೂರು ಸಲ ಬರೆಯುವುದೇಕೆ ಎಂದು ನನಗೆ ಅರ್ಥವಾಗಲಿಲ್ಲ. ರಸ್ತೆ ಬದಿಯಲ್ಲಿ ಕೊಡೆ ನೆಟ್ಟುಕೊಂಡು, ಹುಲ್ಲಿನ ಟೋಪಿ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿ ಅಳೆಯುವ ಜನ. ಆಮೇಲೆ ಲ್ಯಾವೆಂಡರ್ ಹೊಲಗಳು. ನೇರಳೆ ಸಾಲುಗಳ ನಡುವೆ ನಿಲ್ಲಿಸಿ ಅತ್ತಿಗೆ ಉಸಿರೆಳೆದುಕೊಳ್ಳಿ ಎಂದರು. ಮಗಳು ಮೂಗು ಮುಚ್ಚಿಕೊಂಡು, “ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಬಾತ್‌ರೂಮ್,” ಎಂದಳು. ನನಗೆ ನಗು ಬಂತು. ಅತ್ತಿಗೆ ಅದನ್ನು ನಾನೇ ಹೇಳಿಕೊಟ್ಟೆ ಎನ್ನುವ ಹಾಗೆ ನೋಡಿದರು.

ನನಗೆ ಇಷ್ಟವಾದದ್ದು ಒಂದೇ, ಒಂದು ಮನೆಯ ಹಿತ್ತಲಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ. ಎಂಟು ವರ್ಷದಿಂದ ಯಂತ್ರದಲ್ಲಿ ಒಣಗಿಸಿ ಬಿಸಿಲಿನ ವಾಸನೆಯೇ ಮರೆತುಹೋಗಿತ್ತು. ಇಂಥ ಬಿಸಿಲು ನಾಲ್ಕು ದಿನ ಸಿಕ್ಕರೆ ಒಂದು ವರ್ಷದ ಸಂಡಿಗೆ ಇಟ್ಟುಕೊಳ್ಳಬಹುದು ಎಂದು ಬಾಯಿ ತಪ್ಪಿ ಅಂದೆ.

“ಜನ ಇಲ್ಲಿ ಬೆಳಕು ನೋಡಕ್ಕೆ ಬರ್ತಾರೆ,” ಎಂದರು ಅತ್ತಿಗೆ, ಕನ್ನಡಿಯಲ್ಲಿ ನನ್ನನ್ನು ನೋಡಿ. “ನಿಮ್ಮನೆಯವ್ಳು ಸಂಡಿಗೆ ಒಣಗ್ಸಕ್ಕೆ ಬಂದಿದಾಳೆ ಕಣೋ.”

ಇವರು ನಕ್ಕರು. ನಕ್ಕದ್ದು ನನಗೆ ಈಗಲೂ ನೆನಪಿದೆ.

ಮನೆ ಸೇರಿದಮೇಲೆ ಅತ್ತಿಗೆ ತಮ್ಮನನ್ನು ಸಮುದ್ರದ ದಂಡೆಯಲ್ಲಿ ಒಂದು ಬೊಡ್ಡೆಯ ಮೇಲೆ ಕೂರಿಸಿ ಪೆನ್ಸಿಲಿನಲ್ಲಿ ಬರೆದುಕೊಂಡರು. ಅದುವರೆಗೂ ಅವರು ಮರ, ಕಲ್ಲು, ನೀರು ಬಿಟ್ಟು ಮನುಷ್ಯರನ್ನು ಬರೆದವರಲ್ಲ. ಸಂಜೆ ಏಳರಿಂದ ಒಂಬತ್ತರ ನಡುವಿನ ಬೆಳಕಿನಲ್ಲಿ ಅದಕ್ಕೆ ಬಣ್ಣ ತುಂಬುವುದು, ಅದಕ್ಕೇ ಇಲ್ಲಿಯವರೆಗೆ ಬಂದದ್ದು ಎಂದು ಊಟಕ್ಕೆ ಕೂತಾಗ ಹೇಳಿದರು. ಊಟ ಮಾಡಿ ಆ ಹಾಳೆಯನ್ನು ಮೇಜಿನ ಮೇಲೆ ಒಂದು ಪುಸ್ತಕದಡಿ ಇಟ್ಟು, ಬೇರೆ ಹಾಳೆ ಹಿಡಿದು, ಅಕ್ಕ ತಮ್ಮ ಇಬ್ಬರೂ ಮತ್ತೆ ದಂಡೆಗೆ ಹೋದರು. ನಾನು ಪಾತ್ರೆ ತೊಳೆಯಲು ನಿಂತೆ. ಫೋನ್ ಬಂದದ್ದು ಆಗ.

ಮಗಳ ಕೈ ಹಿಡಿದುಕೊಂಡು ದಂಡೆಗೆ ಓಡಿದೆ. ಉರುಟು ಕಲ್ಲು, ಚಪ್ಪಲಿ ಜಾರುತ್ತಿತ್ತು. ಇವರು ಅಕ್ಕನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ವಿಷಯ ಹೇಳಿದೆ. ಈಗ ಮೂರೂಕಾಲು, ಈಗಲೇ ಹೊರಟರೆ ಏಳೂವರೆಗೆ ಮನೆ ಸೇರಬಹುದು, ಎಲ್ಲ ಸಾಮಾನೂ ಅಲ್ಲೇ ಜೋಡಿಸಿಟ್ಟಿದ್ದೇನೆ ಎಂದೆ. ಇವರು ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಆಮೇಲೆ ನಾಳೆ ಮಾಡಿದರೂ ದೇವರು ಬೇಡ ಎನ್ನುತ್ತಾನೆಯೇ ಎಂದು ಮೆಲ್ಲಗೆ ಕೇಳಿದರು. ನಾಳೆ ಅಮಾವಾಸ್ಯೆಯೇ ಇರುವುದಿಲ್ಲ ಎಂದೆ.

ಅತ್ತಿಗೆ ಕುಂಚ ಕೆಳಗಿಡಲಿಲ್ಲ. “ಕಾರು ನಂದು. ಅದು ಹೊರಡೋದು ನಾಳೆ,” ಎಂದರು. ಕುಂಚವನ್ನು ನೀರಿಗೆ ಅದ್ದಿ, “ಇವನು ಇಷ್ಟು ವರ್ಷ ಬದುಕಿರೋದು ನಿನ್ನ ದಾರದಿಂದ ಅಂತ ತಿಳ್ಕೊಂಡಿದೀಯಾ? ಅದಕ್ಕೆ ಮುಂಚೆ ಇಪ್ಪತ್ತೇಳು ವರ್ಷ ನಾವು ಸಾಕಿದ್ವಮ್ಮ,” ಎಂದರು.

ಇಲ್ಲೇ ಮಾಡುತ್ತೇನೆ, ಏಳು ಗಂಟೆಗೆ ಸ್ನಾನ ಮಾಡಿ ಬಂದು ಕೂರಿ ಎಂದು ಇವರಿಗೆ ಮಾತ್ರ ಹೇಳಿ ತಿರುಗಿದೆ. ಬೆನ್ನ ಹಿಂದೆ ಅತ್ತಿಗೆ, ಏಳರ ಬೆಳಕು ನನ್ನದು ಎಂದು ತಮ್ಮನಿಗೆ ಹೇಳುವುದು ಕೇಳಿಸಿತು.

ಮೊದಲು ಸ್ನಾನ ಮಾಡಿದೆ. ಗೊತ್ತಿಲ್ಲದೆ ಬಾಣಲೆ ಇಟ್ಟೆ, ಗೊತ್ತಿಲ್ಲದೆ ಈರುಳ್ಳಿ ತಿಂದೆ, ತಪ್ಪು ಹೊಟ್ಟೆಗೆ ಹಾಕಿಕೋ ತಾಯಿ ಎಂದು ಆ ಬಿಳಿ ಟಬ್ಬಿನಲ್ಲಿ ನಿಂತೇ ಬೇಡಿಕೊಂಡೆ. ಆಮೇಲೆ ಇದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿದೆ. ಚಪಾತಿಗೆಂದು ತಂದಿದ್ದ ಗೋಧಿ ಹಿಟ್ಟು. ಮಗಳ ಅನ್ನಕ್ಕೆಂದು ತಂದಿದ್ದ ತುಪ್ಪ. ಮಸಾಲೆ ಡಬ್ಬಿಯಲ್ಲಿ ಅರಿಸಿನ. ಅದನ್ನು ತರಬೇಕೋ ಬೇಡವೋ ಎಂದು ಹಿಂದಿನ ದಿನ ಎರಡು ಮನಸ್ಸಾಗಿ ಕೊನೆಗೆ ಚೀಲಕ್ಕೆ ಹಾಕಿದ್ದೆ. ಹಾಕಿಸಿದವನು ಆ ಶಿವನೇ. ಬಾತ್‌ರೂಮಿನ ಕಪಾಟಿನಲ್ಲಿ ಹತ್ತಿ ಸಿಕ್ಕಿತು, ಅಡುಗೆಮನೆಯ ಡ್ರಾಯರಿನಲ್ಲಿ ದಾರದ ಉಂಡೆ. ಕುಂಕುಮ ನನ್ನ ಪರ್ಸಿನಲ್ಲಿ ಯಾವಾಗಲೂ ಇರುತ್ತದೆ. ಹೂವು ಆ ಸೋಪಿನ ವಾಸನೆಯ ಲ್ಯಾವೆಂಡರೇ ಆಗಬೇಕಾಯಿತು, ಬೇಲಿಯ ಪಕ್ಕದಲ್ಲಿ ಬೇಕಾದಷ್ಟು ಬೆಳೆದಿತ್ತು. ಹಿಟ್ಟಿಗೆ ಸಕ್ಕರೆ ಕಲಸಿ ಎರಡು ದೀಪ ತಟ್ಟಿದೆ. ಉಳಿದ ಹಿಟ್ಟಿನ ಕಡುಬನ್ನು ಜರಡಿಯಲ್ಲಿಟ್ಟು ಹಬೆಯಲ್ಲಿ ಬೇಯಿಸಿದೆ. ದಾರಕ್ಕೆ ಅರಿಸಿನ ಬಳಿದು ಒಂಬತ್ತು ಗಂಟು ಹಾಕಿದೆ.

ಇಲ್ಲದ್ದು ಒಂದೇ, ಚಿತ್ರ ಬರೆಯಲು ಕಾಗದ. ದಿನಸಿ ತಂದ ಕಂದು ಚೀಲ ಹರಿದು ಬರೆಯಬಹುದಿತ್ತು, ಆದರೆ ಅದರಲ್ಲಿ ಅತ್ತಿಗೆ ಮೊಟ್ಟೆ ತಂದಿದ್ದರು. ಮಗಳ ಪುಸ್ತಕದ ತುಂಬಾ ಅಚ್ಚು ಹಾಕಿದ ಗೊಂಬೆಗಳು. ಮೇಜಿನ ಮೇಲೆ ಪುಸ್ತಕದಡಿ ಆ ಹಾಳೆ ಇತ್ತು. ದಪ್ಪನೆಯ, ಹಾಲಿನ ಬಣ್ಣದ ಹಾಳೆ. ಎತ್ತಿ ನೋಡಿದೆ.

ಪೆನ್ಸಿಲಿನ ಗೆರೆ ತೀರ ತೆಳ್ಳಗಿತ್ತು. ಮುಖ ಪಕ್ಕಕ್ಕೆ ತಿರುಗಿ, ಬೆನ್ನು ಸ್ವಲ್ಪ ಬಾಗಿ, ಎಡಗೈ ಮೊಣಕಾಲ ಮೇಲೆ. ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳು ಕೆಳಗೆ. ಇವರ ಅಂಗಿಗಳಿಗೆ ಇಸ್ತ್ರಿ ಮಾಡುವ ನನಗೆ ಆ ಭುಜ ಗೊತ್ತು. ಅದು ಅತ್ತಿಗೆಗೂ ಗೊತ್ತು ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಯಾರು ಅದು ಎಂದಳು. ಅಪ್ಪ ಎಂದೆ.

ಹಾಳೆಯನ್ನು ಮಗುಚಿ ಹಾಕಿದೆ. ಹಿಂಭಾಗ ಖಾಲಿ ಇತ್ತು. ಅರಿಸಿನಕ್ಕೆ ನೀರು ಕಲಸಿ, ಬೆರಳಿನಲ್ಲಿ ಶಿವನನ್ನು ಬರೆದೆ, ಪಾರ್ವತಿಯನ್ನು ಬರೆದೆ, ಮೇಲೆ ಸೂರ್ಯ ಚಂದ್ರ, ಕೆಳಗೆ ಎರಡು ದೀಪ. ನನ್ನ ಕೈ ಅತ್ತಿಗೆಯ ಕೈಯಷ್ಟು ಪಳಗಿದ್ದಲ್ಲ. ಆದರೆ ಎಂಟು ವರ್ಷ ಬರೆದ ಕೈ.

ಆರೂಮುಕ್ಕಾಲಿಗೆ ಇಬ್ಬರೂ ಬಂದರು. ಇವರು ನೇರವಾಗಿ ಸ್ನಾನಕ್ಕೆ ನಡೆದರು. ಅತ್ತಿಗೆ ಹಾಳೆ ತೆಗೆದುಕೊಂಡು ಹೋಗಲು ಮೇಜಿನ ಬಳಿ ಬಂದವರು ಪುಸ್ತಕ ಎತ್ತಿ ನೋಡಿ, ಕೆಳಗೆ ನೋಡಿ, ಆಮೇಲೆ ಗೋಡೆಗೆ ಆನಿಸಿಟ್ಟಿದ್ದ ಚಿತ್ರ ನೋಡಿದರು. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಅರಿಸಿನದ ನೀರು ಹಾಳೆಯ ಅಂಚಿನಿಂದ ಈ ಕಡೆಗೂ ಹಬ್ಬಿ ಬೊಡ್ಡೆಯನ್ನೂ ಬೆನ್ನಿನ ಅರ್ಧವನ್ನೂ ಹಳದಿ ಮಾಡಿತ್ತು.

“ಗೆರೆ ಕಾಣ್ಲಿಲ್ಲ ಅತ್ತಿಗೆ. ಖಾಲಿ ಹಾಳೆ ಅಂದ್ಕೊಂಡೆ,” ಎಂದೆ.

ದೇವರ ಎದುರಿಗೆ ನಿಂತು ಹೇಳಿದ ಸುಳ್ಳು. ಅದಕ್ಕೆ ಒಂದು ನಿಮಿಷದ ಆಯುಸ್ಸೂ ಇರಲಿಲ್ಲ. ಮಗಳು ತನ್ನ ಪುಸ್ತಕದಿಂದ ತಲೆಯೆತ್ತಿ, “ನೋ ಅಮ್ಮಾ, ಯೂ ಸೆಡ್ ಇಟ್ಸ್ ಅಪ್ಪ,” ಎಂದಳು.

ಅತ್ತಿಗೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ನಾನ ಮುಗಿಸಿ ಪಂಚೆಯುಟ್ಟು ಬಂದ ತಮ್ಮನಿಗೆ ಹಾಳೆಯ ಎರಡೂ ಬದಿ ತೋರಿಸಿದರು. ನಿನ್ನ ಹೆಂಡತಿ ಕದಿಯುವುದನ್ನು ಕಲಿತಿದ್ದಾಳೆ, ಅದೂ ದೇವರ ಹೆಸರಿನಲ್ಲಿ ಎಂದರು. ನಮ್ಮಮ್ಮ ಇದ್ದಿದ್ದರೆ ಇವಳನ್ನು ಹೊಸಲು ದಾಟಿಸುತ್ತಿರಲಿಲ್ಲ ಎಂದರು. ಇವರು ಒದ್ದೆ ತಲೆ ಒರೆಸಿಕೊಳ್ಳುತ್ತಾ ನಿಂತೇ ಇದ್ದರು. ಕೊನೆಗೆ ಅತ್ತಿಗೆ, “ನಾನೂ ಆರು ವರ್ಷ ತೊಳ್ದೆ ಕಣೇ ಕಾಲು. ಏನಾಯ್ತು?” ಎಂದು ನನ್ನ ಕಡೆ ತಿರುಗಿದರು.

ಆಗ ನಾನು ಸುಮ್ಮನಿರಬೇಕಿತ್ತು. ವ್ರತದ ದಿನ ಬಾಯಿ ಮುಚ್ಚಿಕೊಂಡಿರುವುದೂ ವ್ರತವೇ.

“ಆರಕ್ಕೇ ನಿಲ್ಲಿಸಿದ್ರಲ್ಲ ಅತ್ತಿಗೆ,” ಎಂದೆ.

ಅವರು ನಿಲ್ಲಿಸಿದ್ದಲ್ಲ. ಕಾಲು ತೊಳೆಸಿಕೊಳ್ಳುವವನೇ ಎದ್ದು ಹೋಗಿದ್ದ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಇವರು ಟವೆಲು ಕೆಳಗಿಳಿಸಿ ನನ್ನ ಹೆಸರು ಕರೆದರು, ಅಷ್ಟೇ. ಅತ್ತಿಗೆ ಹಾಳೆಯನ್ನು ಅದು ಇದ್ದಲ್ಲಿಯೇ ಆನಿಸಿ ಇಟ್ಟರು, ಶಿವಪಾರ್ವತಿಯರ ಮುಖ ಹೊರಗೆ ಮಾಡಿಯೇ ಇಟ್ಟರು, ಬಾಗಿಲು ತೆಗೆದು ಹೊರಗೆ ಹೋದರು. ಹೋಗುವಾಗ ಮೂಲೆಯಲ್ಲಿದ್ದ ಚಿತ್ರ ಬರೆಯುವ ಹಲಗೆಯನ್ನು ಎತ್ತಿಕೊಂಡರು.

ಒಳಗೆ ದೀಪ ಹಚ್ಚುವ ಹಾಗಿರಲಿಲ್ಲ. ಮೇಣದ ಬತ್ತಿ, ಊದಿನಕಡ್ಡಿ ಯಾವುದನ್ನೂ ಉರಿಸಬಾರದು ಎಂದು ಫ್ರಿಜ್ಜಿನ ಮೇಲೆ ಅಚ್ಚುಹಾಕಿ ಅಂಟಿಸಿದ್ದರು, ಚಾವಣಿಯಲ್ಲಿ ಹೊಗೆ ಕಂಡರೆ ಕಿರುಚುವ ಡಬ್ಬಿ. ಸಮುದ್ರದ ಕಡೆಗಿದ್ದ ಹಲಗೆ ನೆಲದ ಜಗುಲಿಯಲ್ಲಿ ಪೂಜೆಗೆ ಇಟ್ಟೆ. ಗಂಟೆ ಏಳೂವರೆ ಆಗಿದ್ದರೂ ಮಧ್ಯಾಹ್ನದಂಥ ಬೆಳಕು. ಈ ದೇಶದ ಬೇಸಿಗೆಯಲ್ಲಿ ಕತ್ತಲೆಗೆ ತಡವಾಗುವುದು ಒಂದು ದೊಡ್ಡ ಉಪಕಾರ. ಇಲ್ಲದಿದ್ದರೆ ಅಷ್ಟೊತ್ತಿಗೆ ಪೂಜೆಯ ಹೊತ್ತು ಮೀರಿಯೇ ಹೋಗುತ್ತಿತ್ತು.

ಆದರೆ ಗಾಳಿ. ಮೊದಲನೆಯ ದೀಪ ಹಚ್ಚಿ ಎರಡನೆಯದಕ್ಕೆ ಕಡ್ಡಿ ತರುವುದರೊಳಗೆ ಮೊದಲನೆಯದು ಆರಿತು. ಎರಡನೆಯ ಸಲ ಎರಡೂ ಹತ್ತಿದವು, ಸಂಕಲ್ಪ ಹೇಳಲು ಬಾಯಿ ತೆರೆದೆ, ಎರಡೂ ಆರಿದವು. ಇವರು ಅಂಗೈ ಅಡ್ಡ ಹಿಡಿದರು, ನಾನು ಸೆರಗು ಅಡ್ಡ ಹಿಡಿದೆ. ಸೆರಗಿಗೆ ಬೆಂಕಿ ಹತ್ತುತ್ತದೆ ಎಂದು ಇವರು ಎಳೆದರು. ಬೆಂಕಿಪೆಟ್ಟಿಗೆಯಲ್ಲಿ ನಾಲ್ಕೇ ಕಡ್ಡಿ ಉಳಿದಿತ್ತು. ಅಮ್ಮ ಹೇಳಿದ ಮಾತು ನೆನಪಾಯಿತು, ಒಂಬತ್ತನೆಯ ವರ್ಷದ ದೀಪ ನಿಲ್ಲಬೇಕು ಎಂದು. ನನಗೆ ಅಳು ಬಂತು. ಮಗಳ ಎದುರಿಗೆ ಅಳಬಾರದೆಂದು ಹಲ್ಲು ಕಚ್ಚಿಕೊಂಡೆ.

ಮೂರನೆಯ ಸಲ ಕಡ್ಡಿ ಗೀರಿದಾಗ ಗಾಳಿ ಬರಲಿಲ್ಲ. ತಲೆಯೆತ್ತಿ ನೋಡಿದರೆ, ಜಗುಲಿಯ ಕಟಕಟೆಗೂ ದೀಪಕ್ಕೂ ನಡುವೆ ಚಿತ್ರದ ಹಲಗೆ. ಎರಡೂ ಕೈಯಲ್ಲಿ ಅದನ್ನು ಹಿಡಿದು ಅತ್ತಿಗೆ ನಿಂತಿದ್ದರು. ಮುಖ ಸಮುದ್ರದ ಕಡೆಗೆ.

“ಬೇಗ ಮುಗ್ಸು. ನನ್ನ ಕೈ ನೋಯತ್ತೆ,” ಎಂದರು.

ಬೇಗ ಮುಗಿಸಲಿಲ್ಲ. ಮುಗಿಸುವ ಪೂಜೆ ಅದಲ್ಲ. ಕಥೆಯನ್ನು ಬಾಯಿಪಾಠವಾಗಿ ಪೂರ್ತಿ ಹೇಳಿದೆ. ಇವರ ಪಾದ ತೊಳೆದು, ಅರಿಸಿನ ಕುಂಕುಮ ಇಟ್ಟು, ಆ ನೇರಳೆ ಹೂ ಏರಿಸಿ ನಮಸ್ಕಾರ ಮಾಡಿದೆ. ಇವರು ನನ್ನ ಬಲಗೈಗೆ ದಾರ ಕಟ್ಟಿದರು. ಅಷ್ಟು ಹೊತ್ತೂ ಅತ್ತಿಗೆಯ ಬೆನ್ನಿನಾಚೆ ನೀರು ಮೊದಲು ಬಂಗಾರದ ಬಣ್ಣಕ್ಕೆ, ಆಮೇಲೆ ಮಾವಿನ ಹಣ್ಣಿನ ಹೋಳಿನ ಬಣ್ಣಕ್ಕೆ, ಆಮೇಲೆ ಬೂದಿಗೆ ತಿರುಗುವುದನ್ನು ನಾನು ಕಂಡೆ. ಅವರು ಬರೆಯಬೇಕೆಂದು ಬಂದಿದ್ದ ಬೆಳಕು ಅದು. ಒಂದೇ ಒಂದು ಗೆರೆ ಎಳೆಯದೆ ಅದನ್ನು ನೋಡುತ್ತಾ ನಿಂತಿದ್ದರು. ಎರಡು ಸಲ ಹಲಗೆಯ ಹಿಡಿತ ಬದಲಿಸಿದರು, ಕೆಳಗಿಡಲಿಲ್ಲ.

ಮಂಗಳಾರತಿ ಆದಮೇಲೆ ಇವರ ಕಾಲಿಗೆರಗಿದ ಹಾಗೆಯೇ ಅತ್ತಿಗೆಯ ಕಾಲಿಗೂ ಎರಗಲು ಬಗ್ಗಿದೆ. ಅವರು ಹಿಂದೆ ಸರಿದರು.

“ಇದು ನಿನಗೋಸ್ಕರ ಅಲ್ಲ,” ಎಂದರು. “ಅವನು ನನ್ನ ತಮ್ಮ.”

ಕಡುಬು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿ ಮಗಳು ಅರ್ಧ ಬಿಟ್ಟಿದ್ದನ್ನು ಆಮೇಲೆ ತಿಂದರು. ನಾನು ನೋಡದ ಹಾಗೆ ಇದ್ದೆ.

ಮಾರನೆಯ ಬೆಳಿಗ್ಗೆ ಇನ್ನೊಂದು ಜಗಳ ಉಳಿದಿತ್ತು. ಪೂಜೆ ಮಾಡಿದ ಚಿತ್ರವನ್ನು ನೀರಿಗೆ ಬಿಡಬೇಕು. ನಾನು ಹಾಳೆ ಹಿಡಿದು ಹೊರಟಾಗ ಅತ್ತಿಗೆ ಬಾಗಿಲಲ್ಲಿ ಅಡ್ಡ ನಿಂತು ಕೈ ಚಾಚಿದರು. ವಿಸರ್ಜನೆ ನಾನು ಮಾಡುತ್ತೇನೆ, ಕೊಡು ಎಂದರು. ವ್ರತ ಮಾಡಿದವಳೇ ಬಿಡಬೇಕು ಎಂದೆ. ಹಾಳೆ ಯಾರದ್ದೋ ಅವರು ಬಿಡಬೇಕು ಎಂದರು. ಹಿಂದಿನ ದಿನ ಅಂದ ಮಾತು ನನ್ನ ಬಾಯಲ್ಲಿ ಇನ್ನೂ ಕಹಿಯಾಗಿತ್ತು, ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. ಕೊಟ್ಟೆ. ಅವರು ದಂಡೆಯ ತಿರುವಿನಾಚೆ ಹೋಗಿ, ಕಾಲು ಗಂಟೆಯಾದಮೇಲೆ ಬರಿಗೈಯಲ್ಲಿ, ಮೊಣಕಾಲವರೆಗೆ ಒದ್ದೆಯಾಗಿ ಬಂದರು.

ಫೆರ್ರಿಯಲ್ಲಿ ಮಗಳಿಗೆ ಚಳಿಯಾಯಿತೆಂದು ಸ್ವೆಟರ್ ತೆಗೆಯಲು ಕಾರಿನ ಡಿಕ್ಕಿ ತೆರೆದೆ. ಅತ್ತಿಗೆಯ ಚಿತ್ರಗಳ ದೊಡ್ಡ ಕಪ್ಪು ಚೀಲದ ಜಿಪ್ಪು ಪೂರ್ತಿ ಹಾಕಿರಲಿಲ್ಲ. ಒಳಗಿನಿಂದ ಒಂದು ಹಾಳೆಯ ಮೂಲೆ ಕಾಣುತ್ತಿತ್ತು, ಹಳದಿ. ಯಾವಾಗ ಹಿಂದಿರುಗಿ ಹೋಗಿ ತಂದರೋ, ನೀರಿಗೆ ಬಿಟ್ಟೇ ಇರಲಿಲ್ಲವೋ. ಜಿಪ್ಪು ಎಳೆದು ಮುಚ್ಚಿದೆ. ಪೂಜೆಗೊಂಡ ದೇವರನ್ನು ಹೀಗೆ ಚೀಲದಲ್ಲಿ ಸುತ್ತಿಕೊಂಡು ಹೋಗುವುದು ತಪ್ಪು. ಅದನ್ನು ಹೇಳುವ ಹಕ್ಕು ನಾನು ಕಳೆದುಕೊಂಡಿದ್ದೆ. ಆ ಹಾಳೆಯ ಮಾತನ್ನು ನಾವಿಬ್ಬರೂ ಇಂದಿನವರೆಗೆ ಎತ್ತಿಲ್ಲ. ಒಂದು ಕಡೆ ಶಿವಪಾರ್ವತಿ, ಇನ್ನೊಂದು ಕಡೆ ಅರ್ಧ ಹಳದಿಯಾದ ಇವರ ಬೆನ್ನು. ಕೆನ್ಮೋರ್‌ನ ಯಾವುದೋ ಡ್ರಾಯರಿನಲ್ಲಿ ಇರಬೇಕು, ಹೂವಿಲ್ಲದೆ, ನೈವೇದ್ಯವಿಲ್ಲದೆ. ಪ್ರತಿ ವರ್ಷ ಆ ದಿನ ಬಂದಾಗ ನಾನು ಮನೆಯಲ್ಲೇ ಕೆನ್ಮೋರ್ ದಿಕ್ಕಿಗೆ ತಿರುಗಿ ಒಂದು ಸಲ ಕೈ ಮುಗಿಯುತ್ತೇನೆ. ದೇವರಿಗೆ. ಅತ್ತಿಗೆಗಲ್ಲ.

ಎಡ್ಮಂಡ್ಸ್‌ನಲ್ಲಿ ಇಳಿಯುವಾಗ ಮತ್ತೆ ಜಿನುಗು ಮಳೆ. ಅತ್ತಿಗೆ ನಮ್ಮನ್ನು ಮನೆ ಮುಂದೆ ಇಳಿಸಿದರು. ಕಾಫಿ ಕುಡಿದು ಹೋಗಿ ಎಂದೆ, ಕಾರಿನ ಗಾಜು ಏರಿತು. ಗಂಟೆ ನೋಡಿದೆ, ನಾಲ್ಕಕ್ಕೆ ಐದು ನಿಮಿಷವಿತ್ತು. ಹೇಳಿದ ಮಾತು ಉಳಿಸಿಕೊಂಡಿದ್ದರು.

ಗೆಳತಿಗೆ ಫೋನ್ ಮಾಡಿ ಒಂಬತ್ತೂ ಆಯಿತು ಎಂದೆ. ಒಳ್ಳೆಯದಾಗಲಿ ಎಂದರು. ಹೇಗೆ ಮಾಡಿದಿರಿ, ಏನು ಮಾಡಿದಿರಿ ಎಂದು ಕೇಳಲಿಲ್ಲ. ಅದಕ್ಕೂ ಒಂದು ನಮಸ್ಕಾರ.

ದೇವರ ಗೂಡಿನ ಮುಂದೆ ಶುಕ್ರವಾರವೇ ಜೋಡಿಸಿಟ್ಟಿದ್ದ ತಟ್ಟೆ ಹಾಗೇ ಇತ್ತು. ವೀಳ್ಯದೆಲೆ ಬಾಡಿತ್ತು. ದಾರ, ಅಡಿಕೆ, ಬೆಲ್ಲ ಒಂದೊಂದನ್ನೂ ಅದರದರ ಡಬ್ಬಿಗೆ ಹಾಕಿದೆ. ತಂಬಿಟ್ಟಿಗೆಂದು ತೊಳೆದು, ನೆರಳಲ್ಲಿ ಆರಿಸಿ, ಬೀಸಿ, ಎರಡು ಸಲ ಜರಡಿ ಹಿಡಿದಿಟ್ಟಿದ್ದ ಅಕ್ಕಿ ಹಿಟ್ಟು ಬಟ್ಟಲ ತುಂಬಾ ಇತ್ತು. ವಾಪಸು ಡಬ್ಬಿಗೆ ಸುರಿಯಲು ಮನಸ್ಸಾಗಲಿಲ್ಲ. ಇವರು ಸೋಫಾದಲ್ಲಿ ಒರಗಿಕೊಂಡು, ಸಂಜೆಗೇನಾದರೂ ಬಿಸಿಯಾಗಿ ಇದೆಯಾ ಎಂದು ಕೇಳಿದರು. ಹಿಂದಿನ ಸಂಜೆ ಹೆಸರು ಕರೆದಮೇಲೆ ನನ್ನ ಜೊತೆ ಅವರಾಗಿ ಆಡಿದ ಮೊದಲ ಮಾತು.

ಹಿಟ್ಟಿಗೆ ಉಪ್ಪು ಹಾಕಿ, ಜ್ಯೂಸಿನ ಲೋಟದಲ್ಲಿ ನೀರು ತಂದಿಟ್ಟುಕೊಂಡು, ಅಕ್ಕಿ ರೊಟ್ಟಿಗೆ ಈರುಳ್ಳಿ ಹೆಚ್ಚತೊಡಗಿದೆ.